ಶೀಬಾ ಹಚ್ಚಿದ ಎದೆ

ಸ್ಪೇನಿನ ಸ್ಟ್ರಾಬೆರಿ ತೋಟದವರಿಗೆ ಕೂಲಿಗೆ ಮಕ್ಕಳಿರುವ ಹೆಂಗಸರೇ ಬೇಕು. ಮನೆಯಲ್ಲಿ ಮಗುವಿದ್ದವಳು ಅಲ್ಲೇ ತಳವೂರುವುದಿಲ್ಲ, ಹಣ್ಣಿನ ಕಾಲ ಮುಗಿಯುತ್ತಲೇ ಮೊರೊಕ್ಕೊಗೆ ಓಡಿಬರುತ್ತಾಳೆ ಎಂಬ ಲೆಕ್ಕಾಚಾರ. ಹಾಗಂತ ಮಗುವನ್ನು ಜೊತೆಗೆ ಕರೆದೊಯ್ಯುವ ಹಾಗಿಲ್ಲ. ಎಂಥಾ ನ್ಯಾಯವೋ ಇದು! ತಲಾಖ್ ಕೊಟ್ಟ ಗಂಡ ತಿರುಗಿಯೂ ನೋಡದ ಮೇಲೆ ರಖಿಯಾಳಿಗೆ ಬೇರೆ ದಾರಿ ಇರಲಿಲ್ಲ. ಬರುವ ಶುಕ್ರವಾರ ಬಸ್ಸು. ಮಗಳು ಸಲ್ವಾಗೆ ಒಂದೂವರೆ ವರ್ಷ. ಬಟ್ಟಲಿನ ಹಾಲು ತೋರಿಸಿದರೆ ಕೈಯಿಂದ ತಳ್ಳಿ ತಾಯಿಯ ಎದೆಗೇ ಬೀಳುತ್ತಿದ್ದಳು. ಶುಕ್ರವಾರದೊಳಗೆ ಎದೆಹಾಲು ಬಿಡಿಸದಿದ್ದರೆ ಅಜ್ಜಿಯ ಕೈಯಲ್ಲಿ ಕೂಸು ಉಪವಾಸ ಬೀಳುವುದೇ ಸೈ.

ಹಿತ್ತಿಲ ಗೋಡೆಗೆ ಒತ್ತಿಕೊಂಡು ಶೀಬಾ ಗಿಡ ಬೆಳೆದಿತ್ತು. ಮಾಚಿಪತ್ರೆಯ ನೆಂಟ, ಬೂದುಬಣ್ಣದ ಮೆತ್ತನೆ ಎಲೆ, ಬಾಯಿಗಿಟ್ಟರೆ ಹಾಗಲಕಾಯಿಯೇ ಸಿಹಿ ಅನ್ನಿಸಬೇಕು, ಅಷ್ಟು ಕಹಿ. ರಖಿಯಾಳ ತಾಯಿ ಯಾಮ್ನಾ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ಅದಕ್ಕೆ ನೀರು ಹಾಕಲು ಬಿಡುತ್ತಿರಲಿಲ್ಲ, ಪುದೀನವನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಚಳಿಗೆ ಪುದೀನ ಸೊರಗಿದಾಗ ಚಹಾದ ಪಾತ್ರೆಗೆ ಇದರದೇ ಒಂದು ಕುಡಿ.

ಚಳಿ ಮುರಿದಿತ್ತು. ತಾಯಿ ಮಗಳು ಗಿಡ ಸವರಲು ಕುಳಿತರು. ರಖಿಯಾಳ ಮನಸ್ಸು ಎಲ್ಲೋ, ಕತ್ತರಿ ಎಲ್ಲೋ.

"ಏ ಮಂಕೇ, ಬುಡಕ್ಕೇ ಹಾಕ್ತೀಯಲ್ಲೇ ಕತ್ತರಿ! ಹಳೇ ಕಟ್ಟಿಗೇಲಿ ಚಿಗುರೋದು ಕಷ್ಟ. ಈ ಚಿಗುರುಗಣ್ಣು ಕಾಣ್ತಾವಲ್ಲ, ಇದರ ಮೇಲೆ ಕತ್ತರಿಸು," ಎಂದು ಯಾಮ್ನಾ ಗದರಿದಳು. ಆಮೇಲೆ ಸವರಿದ ಕುಡಿಗಳನ್ನೇ ಮಡಿಲಿಗೆ ತುಂಬಿಕೊಂಡು ದನಿ ತಗ್ಗಿಸಿದಳು. "ಇದನ್ನ ಅರೆದು ಎದೆಗೆ ಹಚ್ಕೋ. ನಿಂಗೂ ಹಿಂಗೇ ಬಿಡಿಸಿದ್ದು."

"ಯೆಮ್ಮಾ, ನನ್ ಕೈಲಾಗಲ್ಲ."

"ಆಗದೆ ಏನು? ಅವಳು ಬಂದಾಗೆಲ್ಲ 'ಥೂ, ಶೀಬಾ!' ಅನ್ನು. ತಾನಾಗಿ ಬಿಡ್ತಾಳೆ."

ಆ ಮಧ್ಯಾಹ್ನ ಸಲ್ವಾ ಎಂದಿನಂತೆ ತೊಡೆಯೇರಿ ಬಾಯಿ ಹಾಕಿದಳು. ತಟ್ಟನೆ ನಿಲ್ಲಿಸಿದಳು. ಅಳಲಿಲ್ಲ, ತಾಯಿಯ ಮುಖವನ್ನೇ ನೋಡಿದಳು. ಇದು ನೀನು ಮಾಡಿದ್ದಾ ಎಂದು ಕೇಳುವ ಹಾಗೆ ನೋಡಿದಳು. ಮತ್ತೆ ಬಾಯಿ ಹಾಕಿದಳು, ಮೈಯೆಲ್ಲ ನಡುಗಿಸಿಕೊಂಡು ಒಂದು ಗುಟುಕು ನುಂಗಿದಳು, ಆಮೇಲೆ ಕಿರುಚಿದಳು. "ಥೂ, ಶೀಬಾ," ಎಂದಳು ರಖಿಯಾ.

ಮಂಗಳವಾರದ ಹೊತ್ತಿಗೆ ಸಲ್ವಾ ಅಜ್ಜಿಯ ಮಡಿಲಲ್ಲಿ ಕೂತು ಬಟ್ಟಲಿಗೆ ಬಾಯಿ ಹಚ್ಚಿದಳು. ಯಾಮ್ನಾ ಸಂಭ್ರಮದಿಂದ ಮಗಳನ್ನು ಕೂಗಿ ಕರೆದಳು. ರಖಿಯಾ ಬಾಗಿಲಿಗೆ ಬಂದದ್ದೇ ತಡ, ಮಗು ಅವಳತ್ತ ಬೆರಳು ತೋರಿಸಿ, "ಶೀಬಾ!" ಎಂದಿತು. ಗಿಡದ ಹೆಸರು ಅಂತ ಅದಕ್ಕೇನು ಗೊತ್ತು? ಎದೆಗೆ ಬಂದಾಗೆಲ್ಲ ಕೇಳಿದ್ದು ಅದೇ ಮಾತು. ತಾಯಿಯ ಹೆಸರೇ ಅದು ಅಂದುಕೊಂಡುಬಿಟ್ಟಿತ್ತು. ಆವರೆಗೆ ಸಲ್ವಾ 'ಯೆಮ್ಮಾ' ಎಂದು ಬಾಯಿ ತುಂಬ ಕರೆಯುತ್ತಿದ್ದಳು.

ಪಕ್ಕದ ಮನೆಯ ತೂದಾ ಬಿದ್ದು ಬಿದ್ದು ನಕ್ಕಳು. ಅವರ ಮಾತಿನಲ್ಲಿ ನರೆಗೂದಲಿಗೂ ಶೀಬಾ ಅಂತಲೇ ಅನ್ನುವುದು. "ನೋಡೇ ರಖಿಯಾ, ಹೋಗೋಕೆ ಮುಂಚೇನೇ ನಿನ್ನ ಮುದುಕಿ ಮಾಡಿಬಿಟ್ಲಲ್ಲೇ ನಿನ್ ಮಗಳು!"

ರಖಿಯಾಳೂ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಗೆ ಹಣೆ ಆನಿಸಿ ಅತ್ತಳು. ಮಗು ಹಾಲು ಬಿಡಲಿ ಎಂದು ಬೇಡಿಕೊಂಡವಳು ಅವಳೇ. ತನ್ನನ್ನೂ ಬಿಡಲಿ ಎಂದು ಯಾರು ಕೇಳಿದ್ದರು?

ಶುಕ್ರವಾರ ಬೆಳಿಗ್ಗೆ ಯಾಮ್ನಾ ಬುತ್ತಿಗೆ ರೊಟ್ಟಿ ಆಲಿವ್ ಕಟ್ಟುತ್ತಿದ್ದಳು. ರಖಿಯಾ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಎದೆಯನ್ನು ಚರ್ಮ ಕೆಂಪಾಗುವಷ್ಟು ಉಜ್ಜಿ ತೊಳೆದಳು. ತಪ್ಪೆಂದು ಗೊತ್ತಿತ್ತು. ಈಗ ಮತ್ತೆ ರುಚಿ ಹತ್ತಿಸಿದರೆ ಅಜ್ಜಿ ಪಡುವ ಪಾಡೂ ಗೊತ್ತಿತ್ತು. ಆದರೂ ಕೋಣೆಯ ಬಾಗಿಲು ಮುಂದೆ ಮಾಡಿ, ಮಗಳನ್ನು ತೊಡೆಗೆಳೆದುಕೊಂಡಳು.

"ಬಾ ಕಂದಾ. ಶೀಬಾ ಇಲ್ಲ, ಹೋಯ್ತು. ನೋಡು, ಯೆಮ್ಮಾ ನಾನು. ಒಂದೇ ಒಂದ್ಸಲ ಕುಡಿ."

ಹಾಲು ತಾನಾಗಿ ಒಸರಿ ಮಗುವಿನ ಕೆನ್ನೆಗೆ ಬಿತ್ತು. ಸಲ್ವಾ ಅದನ್ನು ಅಂಗೈಯಿಂದ ಒರೆಸಿಕೊಂಡಳು. ಕೋಪವಿಲ್ಲ, ಅಳುವಿಲ್ಲ. ಮುಖ ತಿರುಗಿಸಿ ಕೆಳಗಿಳಿದು, ತಪ್ಪು ಹೆಜ್ಜೆಯಲ್ಲಿ ಬಾಗಿಲು ತಳ್ಳಿಕೊಂಡು ಅಜ್ಜಿಯತ್ತ ಹೋದಳು.

ಹೊಸ್ತಿಲಲ್ಲಿ ಯಾಮ್ನಾ ನಿಂತಿದ್ದಳು. ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದಳು. ಮಗಳ ಮೇಲಂಗಿಯ ಗುಂಡಿಯನ್ನು ತಾನೇ ಹಾಕಿ, "ನಡಿ, ಬಸ್ ಬರುತ್ತೆ," ಎಂದಳಷ್ಟೇ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಮಾತುಗಾರ್ತಿ. ಅವಳೂ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳೇ. ರಖಿಯಾಳ ಎದೆಯ ಮೇಲೆ ಬಟ್ಟೆ ನೆಂದದ್ದನ್ನು ಕಂಡು ತನ್ನ ಶಾಲು ತೆಗೆದು ಹೊದಿಸಿದಳು.

"ಅಯ್ಯೋ ತಂಗೀ, ಪುಟ್ಟ ಕೂಸೇನೇ? ಹಾಲು ಬಿಡಿಸದೇ ಬಂದ್ಯಾ?"

"ಬಿಡಿಸೇ ಬಂದೆ ಅಕ್ಕಾ," ಎಂದಳು ರಖಿಯಾ. "ಅವಳು ಬಿಟ್ಲು. ನಂಗೇ ಬಿಡಕ್ಕಾಗ್ತಿಲ್ಲ."