ಏರಿ ಬಿಟ್ಟು ಬಂಡೆಗೆ

ಸೈರನ್ ಕೂಗಿದ ಕೂಡಲೇ ಹುರುಳಿಪಾಳ್ಯದ ಜನ ಓಡಿದರು. ಓಡಬೇಕಾದದ್ದೇ, ಅದಕ್ಕೇ ಸೈರನ್ ಕೂಗಿಸಿದ್ದು. ಆದರೆ ಅವರು ಓಡಿದ್ದು ಕೆರೆಯ ಕಡೆಗೆ!

ಅಯ್ಯೋ, ಆ ಚೆಂದ ನೋಡಬೇಕಿತ್ತು. ಹೆಂಗಸರು ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಅರಿಶಿನ ಹಚ್ಚಿದ ಮೊರಗಳಲ್ಲಿ ಬಾಗಿನ ಹೊತ್ತು ಮುಂದೆ. ಗಂಡಸರು ತೆಂಗಿನಕಾಯಿ ಹಿಡಿದು ಹಿಂದೆ. ಕೆರೆಯಲ್ಲಿ ಅರ್ಧದಷ್ಟೂ ನೀರಿರಲಿಲ್ಲ. ಎಮ್ಮೆಗಳು ಮಧ್ಯದಲ್ಲಿ ಬಿದ್ದುಕೊಂಡು ಇವರನ್ನೇ ನೋಡುತ್ತಿದ್ದವು. ಇತ್ತ ಎತ್ತರದ ಶಾಲೆಯ ಅಂಗಳದಲ್ಲಿ, ಊರೆಲ್ಲ ಬಂದು ಸೇರಬೇಕಾದ ಜಾಗದಲ್ಲಿ, ಈ ಅಣಕು ಪರೀಕ್ಷೆ ಏರ್ಪಡಿಸಿದ್ದ ಪದ್ಮಶ್ರೀ ಕೈಯಲ್ಲೊಂದು ಸ್ಟಾಪ್‌ವಾಚ್ ಹಿಡಿದು ಪೆಚ್ಚಾಗಿ ನಿಂತಿದ್ದಳು.

ಅವಳ ಪಕ್ಕದಲ್ಲಿದ್ದವರು ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿಯ ಅಧ್ಯಕ್ಷ ಅನಂತರಾಜು, ನಿವೃತ್ತ ಎಂಜಿನಿಯರು. "ಏನಮ್ಮಾ, ನಿಮ್ಮ ಜನ ಅಪಾಯವನ್ನ ಎದುರುಗೊಳ್ಳೋಕೆ ಹೋಗ್ತಿದ್ದಾರಲ್ಲ!" ಎಂದು ಅವರು ಕನ್ನಡಕ ಒರೆಸಿಕೊಂಡರು. ಸಮಿತಿಯ ಉಳಿದಿಬ್ಬರು ಆಗಲೇ ಮೊಬೈಲ್ ಹಿಡಿದು ಏರಿಯ ಕಡೆಗೇ ಓಡಿದ್ದರು.

ಪದ್ಮಶ್ರೀ ಏದುಸಿರು ಬಿಡುತ್ತ ಏರಿ ಹತ್ತಿದಳು. ಬಾಗಿನದ ಮುಂದಾಳು ಗಂಗಲಕ್ಷ್ಮಮ್ಮ, ಊರಿನ ಹಿರಿಯಜ್ಜಿ, ಹಣೆಯಗಲ ಕುಂಕುಮ ಇಟ್ಟುಕೊಂಡು ನಗುನಗುತ್ತಾ ಕಾದಿದ್ದರು.

"ಏನಜ್ಜೀ ಇದು? ಕೆರೆಯಿಂದ ದೂರ ಹೋಗಿ ಅಂತ ಅಲ್ವಾ ಸೈರನ್?"

"ನೀನೇ ಏಳಿದ್ದಲ್ಲವ್ವಾ! ಕೆರೆ ಕೋಡಿ ಬಿತ್ತು ಅಂತ ತಿಳ್ಕಳಿ, ದಿಟವಾಗ್ಲೂ ಬಿದ್ರೆ ಏನ್ ಮಾಡ್ತಿರೋ ಅಂಗೇ ಮಾಡಿ ಅಂದೆ. ಕೋಡಿ ಬಿದ್ರೆ ಗಂಗಮ್ಮಂಗೆ ಬಾಗ್ನ ಕೊಡ್ದೆ ಇನ್ನೇನ್ ಮಾಡಾರು? ಅಂಗೇ ಮಾಡಿದೀವಿ, ನೋಡ್ಕೋ."

ಪದ್ಮಶ್ರೀ ಗಂಟಲು ಹರಿದುಕೊಂಡು ಎಲ್ಲರನ್ನೂ ಶಾಲೆಯತ್ತ ಅಟ್ಟಿದಳು. ಆ ಗದ್ದಲದಲ್ಲಿ ತೂಬಿನ ಉಸ್ತುವಾರಿಯ ನೀರಗಂಟಿ ಮುನಿರಾಮಯ್ಯ ನಡುದಾರಿಯಲ್ಲೇ ಹಿಂದಕ್ಕೆ ತಿರುಗಿದ. ಮನೆಯಲ್ಲಿ ಮೇಕೆ ಕಟ್ಟಿಹಾಕಿದ್ದೀನಿ ಎಂದ. ಅದುವರೆಗೆ ತಡೆದುಕೊಂಡಿದ್ದ ಸಿಟ್ಟೆಲ್ಲ ಅವನ ಮೇಲೆ ಹೋಯಿತು. "ಮೇಕೆ ಇನ್ನೊಂದು ಸಿಗುತ್ತೆ ಯಜಮಾನ್ರೇ, ನೀವು ಸಿಗಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಗದರಿದಳು. ಮುನಿರಾಮಯ್ಯ ತಲೆ ತಗ್ಗಿಸಿದ. ಆದರೆ ಮೇಕೆ ತಂದೇ ತಂದ.

ಹೊರಡುವಾಗ ಅನಂತರಾಜು ಮೆತ್ತಗೆ ಹೇಳಿದರು. "ಮಳೆಗಾಲ ಮುಗಿಯೋದರೊಳಗೆ ಇನ್ನೊಂದು ಸಲ ಬರ್ತೀವಿ. ಅವತ್ತೂ ಹೀಗೇ ಆದ್ರೆ ನಿಮ್ಮ ಕೇಂದ್ರವನ್ನ ಸಿವಿಲ್ ವಿಭಾಗಕ್ಕೆ ಸೇರಿಸಿಬಿಡೋದೇ ಸೈ. ಬೇಜಾರು ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ನೈಸರ್ಗಿಕ ವಿಕೋಪ ಸಂಶೋಧನಾ ಕೇಂದ್ರ ಎಂಬ ಉದ್ದನೆಯ ಹೆಸರಿನ ಅವಳ ಕೇಂದ್ರ ಇದ್ದದ್ದು ರಾಮನಗರದ ಹೊರವಲಯದ ಕ್ಯಾಂಪಸ್ಸಿನಲ್ಲಿ, ಹಳೆಯ ಪತ್ರಿಕೆ ತುಂಬಿಡುತ್ತಿದ್ದ ಒಂದೇ ಒಂದು ಕೋಣೆಯಲ್ಲಿ. ಬಾಗಿಲಿಗಿಂತ ಬೋರ್ಡೇ ಅಗಲ. ಮೊದಮೊದಲು ಅಲ್ಲಿ ದೂರದೇಶದ ಭೂಕಂಪ, ಸಮುದ್ರದ ಚಂಡಮಾರುತಗಳ ಚಿತ್ರಗಳಷ್ಟೇ ಗೋಡೆ ತುಂಬಾ ಇದ್ದವು. ಪದ್ಮಶ್ರೀ ಬಂದವಳೇ ಅವನ್ನೆಲ್ಲ ಕಿತ್ತು ನಮ್ಮ ನಾಲ್ಕು ತಾಲ್ಲೂಕುಗಳ ಕೆರೆಗಳ ನಕ್ಷೆ ಅಂಟಿಸಿದಳು. ಚನ್ನಪಟ್ಟಣದ ಹುಡುಗ ಮುನಿಕೃಷ್ಣ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ. ಇಬ್ಬರೂ ಅವನ ಬೈಕಿನಲ್ಲಿ ಮಾಗಡಿ, ಕನಕಪುರದ ಏರಿಗಳನ್ನೆಲ್ಲ ಸುತ್ತಿ, ನೀರಿನ ಮಟ್ಟ ಅಳೆಯುವ ಡಬ್ಬಿಗಳನ್ನು ತಾವೇ ಕೂಡಿಸಿ ನೆಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ನಮ್ಮದಾಗಬಾರದು ಎಂಬುದು ಅವಳ ಹಟ. ಕ್ಯಾಂಟೀನಿನಲ್ಲಿ ಅವಳನ್ನು "ವಿಕೋಪದ ಮೇಡಂ" ಎಂದು ಕರೆಯುತ್ತಿದ್ದರು. ಕರೆದುಕೊಳ್ಳಲಿ ಬಿಡಿ ಎಂದು ಅವಳೂ ನಗುತ್ತಿದ್ದಳು.

ಮಾಗಡಿಯ ಕಲ್ಯ ಗ್ರಾಮದಿಂದ ಆಚೆಗಿನ ಹುರುಳಿಪಾಳ್ಯದ್ದು ಮಾತ್ರ ನಗುವ ವಿಷಯವಾಗಿರಲಿಲ್ಲ. ಅಲ್ಲಿ ಕೋಡಿಯ ಪಕ್ಕದ ಏರಿಯ ಮೂಲೆ ಸಡಿಲವಾಗಿತ್ತು. ರಿಪೇರಿ ಆಗುವುದು ಮಳೆ ಮುಗಿದ ಮೇಲೆ. ಅಷ್ಟರೊಳಗೆ ಕೆರೆ ತುಂಬಿ, ಇಡೀ ಊರು ಆ ಮೂಲೆಯ ಮೇಲೆ ಬಾಗಿನ ಹಿಡಿದು ನಿಂತರೆ? ಕೇಂದ್ರ ಹೋದರೆ ಹೋಗಲಿ, ಆ ಅಜ್ಜಿ ಹೋಗಬಾರದು.

ಮಾರನೆಯ ವಾರ ಅವಳು ಒಬ್ಬಳೇ ಬಸ್ಸು ಹಿಡಿದು ಬಂದು ಗಂಗಲಕ್ಷ್ಮಮ್ಮನ ಜಗುಲಿಯಲ್ಲಿ ಕೂತಳು. ಅಜ್ಜಿ ಮೊದಲು ಮುದ್ದೆ, ಉಪ್ಸಾರು ಬಡಿಸಿದರು. ಆಮೇಲೆ ಜಗಳ ಶುರುವಾಯಿತು.

"ಕೆರೆ ತುಂಬೋದು ಏಸೊರ್ಸಕ್ಕೊಂದ್ಸಲವೋ. ತಾಯಿ ಮನೆ ತುಂಬ್ದಾಗ ಓಡೋಗು ಅಂತೀಯಲ್ಲ, ಬಾಯಲ್ಲಿ ಎಂಗಾದ್ರೂ ಬತ್ತದವ್ವಾ?"

ಪದ್ಮಶ್ರೀ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗಿಟ್ಟಳು. "ಓಡಿಹೋಗಿ ಅನ್ನೋದೇ ನನ್ನ ತಪ್ಪು ಅಜ್ಜಿ. ಮನೆ ತುಂಬೋಳನ್ನ ಎಲ್ಲಿ ನಿಂತು ಆರತಿ ಎತ್ತಿ ಕರ್ಕೋತೀರಿ? ಹೊಸ್ತಿಲಲ್ಲಿ ತಾನೇ? ಅವಳ ದಾರಿಗೆ ಅಡ್ಡ ಹೋಗ್ತೀರಾ?"

"ಅದ್ಯಾರು ಅಡ್ಡ ಓಗ್ತಾರೆ?"

"ಹಂಗಾದ್ರೆ ಏರಿ ಅವಳ ದಾರಿ, ಶಾಲೆ ಹಿಂದಿನ ಹಾಸುಬಂಡೆ ನಮ್ಮ ಹೊಸ್ತಿಲು. ಕೆರೆ ನೀರು ಒಂದು ಕೊಡ ಮೊದಲೇ ತಂದು ಬಂಡೆ ಮೇಲಿಡೋಣ. ಬಾಗಿನ ಆ ಕೊಡಕ್ಕೆ. ಅಬ್ಬರ ಇಳಿದ ಮೇಲೆ ಕೆರೆಗೆ ಬಿಟ್ರಾಯ್ತು."

ಅಜ್ಜಿ ಎಲೆಯಡಿಕೆ ಅಗಿಯುತ್ತಾ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬಾಯಿ ತುಂಬ ನಕ್ಕರು. "ಕಿಲಾಡಿ ಕಣವ್ವಾ ನೀನು! ಆಯ್ತು. ಆದ್ರೆ ನಿನ್ ಸೈರನ್ನು ಬ್ಯಾಡ, ಹೆಣ ಬಿದ್ದಂಗೆ ಊಳಿಡ್ತದೆ. ಕರಿಯಪ್ಪನ ತಮಟೆ ಆಗ್ಲಿ. ಬಂಡೆ ಮ್ಯಾಲೆ ಒಬ್ಬಟ್ಟಿನ ಊಟ ಇಕ್ಕುಸ್ಬುಡು. ಒಬ್ಬಟ್ಟು ಅಂದ್ರೆ ನಮ್ಮೂರ್ ಗಂಡಸ್ರು ಕಾಲು ಮುರ್ದಿದ್ರೂ ಬತ್ತಾರೆ."

ಒಬ್ಬಟ್ಟಿನ ಊಟಕ್ಕೆ ಯಾವ ಲೆಕ್ಕದಲ್ಲಿ ಮಂಜೂರಾತಿ ಪಡೆಯುವುದು ಎಂದು ಮುನಿಕೃಷ್ಣ ತಲೆ ಕೆರೆದುಕೊಂಡ. "ಸಂಶೋಧನಾ ಉಪಕರಣ ಅಂತ ಹಾಕೋ," ಎಂದಳು ಪದ್ಮಶ್ರೀ.

ಎರಡನೆಯ ಪರೀಕ್ಷೆಗೆ ದಿನ ಗೊತ್ತಾಯಿತು. ಆದರೆ ಮಳೆಗೆ ಯಾವ ಸಮಿತಿಯ ಹಂಗು? ಆ ವಾರವೆಲ್ಲ ಸುರಿದದ್ದು ಸುರಿದದ್ದೇ. ಗೊತ್ತಾದ ದಿನ ಬೆಳಿಗ್ಗೆ ಮಳೆ ಬಿಟ್ಟಿತು, ಸಮಿತಿಯ ಜೀಪು ಬಂದು ಶಾಲೆಯ ಮುಂದೆ ನಿಂತಿತು, ಅದೇ ಹೊತ್ತಿಗೆ ಮುನಿರಾಮಯ್ಯ ಕೆರೆಯ ಕಡೆಯಿಂದ ಓಡಿ ಬಂದ. "ಕೋಡಿ ಬಿದ್ಬುಡ್ತು! ಮೂಲೇಲಿ ಮಣ್ಣು ಜಗ್ತಾ ಐತೆ!"

ಕರಿಯಪ್ಪನ ತಮಟೆ ಮೊಳಗಿತು. ಇದು ಅಣಕು ಪರೀಕ್ಷೆಯಲ್ಲ, ದಿಟದ್ದು. ಪದ್ಮಶ್ರೀ ಬೀದಿಯತ್ತ ನೋಡಿದಳು. ಏರಿಗೋ, ಬಂಡೆಗೋ? ಮೊದಲು ಗಂಗಲಕ್ಷ್ಮಮ್ಮ ಬೀದಿಗೆ ಬಂದರು, ಮೊರ ತಲೆಯ ಮೇಲೆ. ಒಂದು ಗಳಿಗೆ ಕೆರೆಯ ಕಡೆಗೆ ಮುಖ ಮಾಡಿ ಕೈಮುಗಿದರು. ಆಮೇಲೆ ಬೆನ್ನು ತಿರುಗಿಸಿ ಬಂಡೆಯ ದಾರಿ ಹಿಡಿದರು. ಹಿಂದೆಯೇ ರೇಷ್ಮೆ ಸೀರೆಗಳು, ತೆಂಗಿನಕಾಯಿಗಳು, ಕೂಸುಗಳು, ಮುನಿರಾಮಯ್ಯನ ಮೇಕೆ. ಏರಿ ಬಟಾಬಯಲಾಯಿತು. ಪದ್ಮಶ್ರೀಗೆ ಸಂತೋಷಕ್ಕೆ ಕಣ್ಣು ತುಂಬಿ ಬಂದವು.

ಆಗಲೇ ಡಬ್ಬಿ ನೆನಪಾಯಿತು. ಕೋಡಿಯ ಮೂಲೆಯಲ್ಲಿ ನೆಟ್ಟಿದ್ದ ಡಬ್ಬಿ! ನೆಟ್‌ವರ್ಕ್ ಸತ್ತು ಇಡೀ ಮಳೆಗಾಲದ ಅಳತೆ ಅದರೊಳಗೇ ಉಳಿದಿತ್ತು. ಕಿತ್ತು ತರಲು ಎಷ್ಟು ಹೊತ್ತು, ಒಂದೇ ನಿಮಿಷ ಎಂದುಕೊಂಡಳು. ಮುನಿಕೃಷ್ಣನಿಗೂ ಹೇಳದೆ ಏರಿಯ ಮೇಲೆ ಓಡಿದಳು.

ಬಂಡೆಯ ಮೇಲೆ ಎಲೆ ಹಾಸಿತ್ತು, ಒಬ್ಬಟ್ಟಿನ ಘಮ ಏರಿತ್ತು. ಅಜ್ಜಿ ಕೊಡಕ್ಕೆ ಅರಿಶಿನ ಹಚ್ಚುತ್ತಾ ಸುತ್ತ ನೋಡಿದರು. "ಪದ್ಮವ್ವ ಎಲ್ಲವಳೆ?"

ಎಲ್ಲರ ಕಣ್ಣೂ ಕೆಳಗೆ ಹೋಯಿತು. ಖಾಲಿ ಏರಿಯ ಮೇಲೆ ಒಂದೇ ಒಂದು ಜೀವ ಬಗ್ಗಿ ಸ್ಕ್ರೂ ಬಿಚ್ಚುತ್ತಿತ್ತು.

"ನೋಡ್ದೇನ್ಲಾ! ಏಳೋದು ಪುರಾಣ, ತಿನ್ನೋದು ಬದ್ನೇಕಾಯಿ!" ಎಂದು ಯಾರೋ ಕೂಗಿದರು. ಗಂಗಲಕ್ಷ್ಮಮ್ಮ ಬಾಗಿನವನ್ನು ಕೆಳಗಿಟ್ಟುಬಿಟ್ಟರು. "ಅವ್ಳು ಬರೋಗಂಟ ಬಾಗ್ನ ಇಲ್ಲ. ಒಬ್ಬಟ್ಟೂ ಇಲ್ಲ."

ಇಷ್ಟು ಸಾಕಾಯಿತು. ಹಸಿದ ಊರು ಒಂದೇ ದನಿಯಲ್ಲಿ ಅರಚಿತು. ಕರಿಯಪ್ಪ ತಮಟೆ ಹರಿಯುವಂತೆ ಬಡಿದ. ಮುನಿರಾಮಯ್ಯ ಮುನಿಕೃಷ್ಣನ ಕೈಯಿಂದ ಮೈಕು ಕಸಿದುಕೊಂಡ. ಅವನ ದನಿ ಕೆರೆಯ ಆಚೆ ದಡಕ್ಕೂ ಕೇಳಿಸಿತು.

"ಮೇಡಮ್ಮೋರೇ! ಡಬ್ಬಿ ಇನ್ನೊಂದ್ ಸಿಗ್ತದೆ, ನೀವು ಸಿಗಾಕಿಲ್ಲ! ಬುಟ್ಟು ಬನ್ನಿ ತಾಯೀ!"

ಪದ್ಮಶ್ರೀ ತಲೆ ಎತ್ತಿದಳು. ತನ್ನದೇ ಮಾತು! ನಾಚಿಕೆಯಿಂದ ಮುಖ ಕೆಂಪೇರಿತು. ಇನ್ನೊಂದೇ ಸ್ಕ್ರೂ ಉಳಿದಿತ್ತು. ಸ್ಕ್ರೂಡ್ರೈವರನ್ನು ಅಲ್ಲೇ ಬಿಸಾಕಿ, ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು.

ಅವಳು ಬಂಡೆಯ ಬುಡ ಮುಟ್ಟುವಷ್ಟರಲ್ಲಿ ಏರಿಯ ಮೂಲೆ ಧಸಕ್ಕನೆ ಕುಸಿಯಿತು. ಡಬ್ಬಿ ಹೋಯಿತು. ನೀರು ಹಳೆಯ ಹಳ್ಳ ಹಿಡಿದು, ಎರಡು ರಾಗಿ ಹೊಲಗಳನ್ನು ನೆನೆಸಿಕೊಂಡು ಊರಿನ ಪಕ್ಕದಲ್ಲೇ ಹಾದುಹೋಯಿತು. ಮನುಷ್ಯರಿರಲಿ, ಒಂದು ಕೋಳಿಗೂ ಏನೂ ಆಗಲಿಲ್ಲ. ಆಮೇಲೆ ಗಂಗಲಕ್ಷ್ಮಮ್ಮ ಅವಳ ಕಿವಿ ಹಿಡಿದು ಹಿಂಡಿದರು, ತಬ್ಬಿಕೊಂಡರು, ಜೋಡಿ ಬಾಗಿನದಲ್ಲಿ ಒಂದನ್ನು ಗಂಗಮ್ಮನ ಕೊಡಕ್ಕಿಟ್ಟು ಇನ್ನೊಂದನ್ನು ಅವಳ ಮಡಿಲಿಗೆ ಹಾಕಿದರು. ಅವಳು ಗಳಗಳನೆ ಅತ್ತಳು. ನಗುತ್ತಲೂ ಇದ್ದಳು.

ಊಟದ ಪಂಕ್ತಿಯಲ್ಲಿ ಅನಂತರಾಜು ಅವಳ ಪಕ್ಕದಲ್ಲೇ ಕೂತರು. ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು, "ಮಳೆಗಾಲದ ಅಳತೆಯೆಲ್ಲ ಹೋಯ್ತಲ್ಲಮ್ಮಾ?" ಎಂದರು.

"ಹೋಯ್ತು ಸಾರ್." ಅವಳು ಬಂಡೆಯ ತುಂಬ ಕೂತು ಉಣ್ಣುತ್ತಿದ್ದ ಊರನ್ನು ನೋಡಿದಳು. "ಬೇಕಾದ್ದು ಸಿಕ್ತು."

"ಕೇಂದ್ರ ಅಲ್ಲ, ಪೂರ್ಣ ಸಂಸ್ಥೆಯೇ ಆಗಲಿ ಅಂತ ಬರೀತೀನಿ. ಕಟ್ಟಡವೂ ಬೇಕಾಗುತ್ತೆ. ಮೊದಲು ಏನು ಕಟ್ಟಿಸಲಿ, ಪ್ರಯೋಗಾಲಯವೋ, ಗ್ರಂಥಾಲಯವೋ?"

ಪದ್ಮಶ್ರೀ ಬಾಯಲ್ಲಿದ್ದದ್ದನ್ನು ನುಂಗಿಕೊಂಡಳು.

"ಅಡುಗೆಮನೆ ಸಾರ್."