ತೆಪ್ಪದ ಗುಡ್ಡೆ

"ಇದು ಯಾರ್ದು?" ಹಿಂದಿನಿಂದ ದೇವಯ್ಯ ಕೂಗಿದ.

ನೀರಿನತ್ತ ಮುಖ ಮಾಡಿ ನಿಂತಿದ್ದ ಐಶ್ವರ್ಯ ತಬ್ಬಿಬ್ಬಾದಳು. ಬೀಚನಹಳ್ಳಿ ಹಿನ್ನೀರಿನ ಈ ಮೂಲೆಯಲ್ಲಿ ಸೋಲಾರ್ ಹಲಗೆಗಳನ್ನು ತೇಲಿಬಿಡಲು ಬರುತ್ತಿರುವ ಕಂಪನಿಗಾಗಿ ಫಾರಂ ತುಂಬಿಸಲು ಹುಣಸೂರಿನಿಂದ ಬಂದವಳು ಅವಳು. ಅಣ್ಣತಮ್ಮನ ಹೆಸರು ಕೇಳಿ ಫಾರಂ ಎನ್ನುವಷ್ಟರಲ್ಲೇ ಈ ಮನುಷ್ಯ, "ಹೊಸಬ್ರು ಸಿಕ್ಕುದ್ರಿ, ಒಳ್ಳೇದೇ ಆಯ್ತು. ಬೆನ್ನು ತಿರುಗ್ಸಿ ನಿಂತ್ಕಳಿ" ಎಂದು ಕೆಲಸಕ್ಕೆ ಹಚ್ಚಿಬಿಟ್ಟಿದ್ದ. ಅವಳ ಹಿಂದೆ ಗೋಣಿಚೀಲದ ಮೇಲೆ ನಾಲ್ಕು ಗುಡ್ಡೆ ಮೀನು. ಅವನು ಒಂದೊಂದನ್ನೇ ಮುಟ್ಟಿ ಕೇಳಬೇಕು, ಇವಳು ನೋಡದೆ ಹೆಸರು ಹೇಳಬೇಕು. ದೊಡ್ಡ ಕಾಟ್ಲ ಮೀನು ಯಾರ ಪಾಲಿಗೆ ಬಂದರೂ ಆಮೇಲೆ ಯಾರೂ ಗೊಣಗುವಂತಿಲ್ಲ.

"ಬೇಗ ಎಸ್ರು ಏಳಿ ಮೇಡಮ್ಮೋರೇ, ಬಿಸ್ಲು ಏರ್ತಾ ಅದೆ!"

"ದೇವಯ್ಯ."

"ಇದು?"

"ನಿಮ್ಮ ತಮ್ಮ, ಕಿರಣ್‌ಕುಮಾರ್."

"ಇದು?"

"ಇನ್ಯಾರಿದ್ದಾರೆ? ತೆಪ್ಪದಲ್ಲಿ ಹೋಗಿದ್ದು ನೀವಿಬ್ಬರೇ ಅಲ್ವಾ?"

ಅಣ್ಣತಮ್ಮ ಇಬ್ಬರೂ ಗೊಳ್ಳೆಂದು ನಕ್ಕರು. "ಬಲೆ ಇಲ್ವಾ? ತೆಪ್ಪ ಇಲ್ವಾ? ಅವೇನು ಉಪಾಸ ಇರ್ಬೇಕಾ?" ಎಂದ ದೇವಯ್ಯ.

ಅಷ್ಟರಲ್ಲಿ ಮುದುಕಿ ಚಿಕ್ಕಸಿದ್ದಮ್ಮ ಕುಕ್ಕೆ ಹಿಡಿದು ದಡ ಇಳಿದು ಬಂದಳು. ತೆಪ್ಪ ಅವಳದು. ಅದನ್ನು ಬಿದಿರಿನಿಂದ ಹೆಣೆದ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಟಾರು ಬಳಿಸುವುದು, ದಿನಾ ಮಗುಚಿ ಒಣಗಿಸುವುದು ಅವಳ ಪಾಲಿನ ಕೆಲಸ. ನೀರೆಂದರೆ ಅವಳಿಗೆ ಎದೆ ನಡುಗುತ್ತದೆ, ಆ ತೆಪ್ಪಕ್ಕೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ. ತೆಪ್ಪದ ಗುಡ್ಡೆಯನ್ನು ರಸ್ತೆ ಬದಿಯಲ್ಲಿಟ್ಟು ಮಾರಿದರೇನೇ ಅವಳ ಮನೆಗೆ ರಾಗಿ, ಎಣ್ಣೆ. ಬೇರೆ ದಾರಿ ಇಲ್ಲ.

ಐಶ್ವರ್ಯ ಫಾರಂ ತೆಗೆದಳು. ಹಲಗೆ ಬಂದ ಮೇಲೆ ಈ ಮೂಲೆಗೆ ತೆಪ್ಪ ಬಿಡುವಂತಿಲ್ಲ, ಅದಕ್ಕೆ ಬದಲಾಗಿ ಮೀನು ಹಿಡಿಯುವ ಪ್ರತಿ ಮನೆಗೂ ಒಂದು ಹೊಲಿಗೆ ಯಂತ್ರ ಎಂದು ಓದಿ ಹೇಳಿದಳು.

"ವೊಲ್ಗೆ ಮಿಸನ್ ಬುಟ್ರೆ ಎಂಥ ಮೀನು ಬೀಳ್ತವೆ?" ಎಂದು ಕಿರಣ್‌ಕುಮಾರ್ ತಮಾಷೆ ಮಾಡಿದ. ಐಶ್ವರ್ಯಳಿಗೂ ನಗು ಬಂತು, ತಡೆದುಕೊಂಡಳು.

"ಅಜ್ಜಿ, ನೀವು ಮೀನು ಹಿಡೀತೀರಾ?"

"ಇಲ್ಲ ಕಣವ್ವ."

"ಹಾಗಾದ್ರೆ ನಿಮ್ಮ ಹೆಸರು ಬರೆಯೋಕೆ ಬರಲ್ಲ."

ದೇವಯ್ಯನ ನಗು ನಿಂತಿತು. ಅಜ್ಜಿ ಮಾತ್ರ ಫಾರಂನೊಳಕ್ಕೆ ಇಣುಕಿ ನೋಡಿದಳು, ಅಕ್ಷರ ಬಾರದಿದ್ದರೂ.

ಐಶ್ವರ್ಯ ಪಕ್ಕಕ್ಕೆ ಹೋಗಿ ಆಫೀಸಿನ ಸಾಹೇಬರಿಗೆ ಫೋನು ಮಾಡಿ ಕೇಳಿದಳು. "ಫಾರಂನಲ್ಲಿ ಇಲ್ಲದ್ದನ್ನ ಬರೀಬೇಡಮ್ಮ. ಬರೆಯೋ ಹಾಗಿದ್ರೆ ನಾಳೆಯಿಂದ ಬೇರೆಯವರನ್ನ ಕಳಿಸ್ತೀನಿ" ಎಂದು ಅವರು ಕಡ್ಡಿ ಮುರಿದಂತೆ ಹೇಳಿ ಇಟ್ಟುಬಿಟ್ಟರು. ಅವಳು ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು.

ವಾಪಸು ಬಂದಾಗ ಚಿಕ್ಕಸಿದ್ದಮ್ಮ ಕೇಳಿದಳು: "ಆ ಅಲಗೆ ನೀರ್ ಮ್ಯಾಲೆ ಎಷ್ಟು ದಿನ ಇರ್ತವೆ ಮಗಾ?"

"ಇಪ್ಪತ್ತೈದು ವರ್ಷ."

"ಅಷ್ಟು ವರ್ಸವೂ ಕರೆಂಟು ಬತ್ತದಾ?"

"ಬರುತ್ತೆ ಅಜ್ಜಿ. ಬಿಸಿಲಿರೋ ದಿನವೆಲ್ಲ."

"ಮಿಸನ್ನು?"

"ಅದು ಒಂದೇ ಸಲ."

"ಅದೆಂಗವ್ವ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. "ನನ್ ತೆಪ್ಪ ನೀರಿಗೆ ವೋದ ದಿನ ನಂಗೊಂದು ಗುಡ್ಡೆ. ವೋಗ್ದಿದ್ ದಿನ ನಾನು ಇತ್ತಾಗೆ ತಲೆನೇ ಆಕಾಕಿಲ್ಲ. ನಿಮ್ದು ದಿನಾ ನೀರ್ ಮ್ಯಾಲೇ ಇರ್ತದೆ ಅಂತೀಯ. ಆ ನೀರಿನ್ ಗುಡ್ಡೆ ಯಾರ್ಗೆ ವೋಯ್ತದೆ?"

ಐಶ್ವರ್ಯ ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಸರು, ಆಧಾರ್ ನಂಬರು, ಸಹಿ, ಅಷ್ಟೇ. ಅವಳಿಗೆ ನಾಚಿಕೆಯಾಯಿತು.

"ನನ್ ಎಸ್ರೂ ಬರೀಬ್ಯಾಡಿ ಮೇಡಮ್ಮೋರೇ," ಎಂದ ದೇವಯ್ಯ. "ಈವಮ್ಮನ ಎಸ್ರಿಲ್ದೆ ನಾನು ಸೈನ್ ಆಕಾಕಿಲ್ಲ. ತೆಪ್ಪ ಇಲ್ದೆ ನಾನೇನು ಈಜ್ಕಂಡು ವೋಗಿ ಮೀನು ಇಡ್ದಿದ್ನಾ?"

"ಲೇ, ಬಂದಿದ್ನ ಯಾಕ್ಲಾ ಬುಡ್ತೀಯ? ನಿನ್ ಎಂಡ್ರುಗಾದ್ರೂ ಆಯ್ತದೆ," ಎಂದು ಅಜ್ಜಿ ಗದರಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಕುಕ್ಕೆಯನ್ನು ಸುಮ್ಮನೆ ಕೆಳಗಿಟ್ಟಳು.

ಗೋಣಿಯ ಮೇಲೆ ಎರಡು ಗುಡ್ಡೆಗಳಿಗೆ ಇನ್ನೂ ಹೆಸರು ಬಿದ್ದಿರಲಿಲ್ಲ. ಐಶ್ವರ್ಯ ತಾನಾಗಿಯೇ ಮತ್ತೆ ಬೆನ್ನು ತಿರುಗಿಸಿ ನಿಂತಳು.

"ಕೇಳಿ ದೇವಯ್ಯಣ್ಣ."

"ಇದು ಯಾರ್ದು?"

"ತೆಪ್ಪದ್ದು."

"ಅಬ್ಬಾ, ದೊಡ್ ಕಾಟ್ಲ!" ಎಂದು ಕಿರಣ್‌ಕುಮಾರ್ ಕೂಗಿದ. ಅಜ್ಜಿ ಬೇಡವೆನ್ನಲಿಲ್ಲ. ಕಾಟ್ಲ ಕುಕ್ಕೆಗೆ ಬಿದ್ದ ಸದ್ದು ಕೇಳಿಸಿತು.

ಐಶ್ವರ್ಯ ನಿಂತಲ್ಲೇ ಫೋನು ತೆಗೆದಳು.

"ಸಾರ್, ನಾಳೆ ಬೆಳಿಗ್ಗೆ ಏಳು ಗಂಟೆಗೆ ನೀವೇ ಇಲ್ಲಿಗೆ ಬರಬೇಕು... ಇಲ್ಲ ಸಾರ್, ಗಲಾಟೆ ಏನಿಲ್ಲ. ನೀವೇನೂ ಬರೆಯೋದು ಬೇಡ. ನೀರಿನ ಕಡೆ ಮುಖ ಮಾಡಿ ನಿಂತು ನಾಲ್ಕು ಹೆಸರು ಹೇಳಿದ್ರೆ ಸಾಕು."

ಬೈಗುಳಕ್ಕಾಗಿ ಅವಳು ಕಾದಳು.

"ಯಾರ್ಯಾರ ಹೆಸರು?" ಎಂದು ಸಾಹೇಬರು ಕೇಳಿದರು.

ದಡದಲ್ಲಿ ಚಿಕ್ಕಸಿದ್ದಮ್ಮ ತೆಪ್ಪದ ಅಂಚು ಹಿಡಿದು ಎಳೆದಳು, ಒಂದೇ ಉಸಿರಿಗೆ ಮಗುಚಿದಳು. ಅದರ ಹೊಟ್ಟೆಯೊಳಗಿದ್ದ ನೀರು ಹರಿದು ಬಂದು ಅವಳ ಬರಿಗಾಲು ತೋಯಿಸಿತು. ಅವಳು ಹಿಂದೆ ಸರಿಯಲಿಲ್ಲ.