ಕೈಯಿಂದ ಕೈಗೆ ಉಪ್ಪು

ಪುಷ್ಪಲತಾ ನೀರಿನ ಬಾಟಲಿಯನ್ನು ಕಿತ್ತುಕೊಂಡಳು. "ನೀರು ಕೊಡಬೇಡ! ಇನ್ನೊಂದು ಗುಟುಕೂ ಬೇಡ."

ಶಿವಕುಮಾರ್ ಕಕ್ಕಾಬಿಕ್ಕಿಯಾದ. ಅವನ ಹೆಂಡತಿ ಪ್ರತಿಮಾ ಮಾದಿಹಳ್ಳಿಯ ರಸ್ತೆಬದಿಯಲ್ಲಿ ಕುಸಿದು ಕೂತು ಈಗಷ್ಟೇ ವಾಂತಿ ಮಾಡಿದ್ದಳು. ಹಳೇಬೀಡಿನಿಂದ ಬೇಲೂರಿಗೆ ಹೋಗಿ ಮರಳುವ ಓಟ. ನಲವತ್ತೆರಡು ವಯಸ್ಸಿನ ಟೀಚರ್ ಪ್ರತಿಮಾಳಿಗೆ ಇದೇ ಮೊದಲನೆಯದು. ಗಂಡ ಬೆಳಗಿನಿಂದ ಸ್ಕೂಟರಿನಲ್ಲಿ ಹಿಂದೆಯೇ ಬಂದು ಕಂಡಕಂಡಲ್ಲಿ ನೀರು ಕುಡಿಸಿದ್ದ. ಪ್ರೀತಿಯನ್ನು ಅಳತೆ ನೋಡಿ ಸುರಿಯುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಬಿಸಿಲು ಹೊಡೆದೈತೆ ಅತ್ತಿಗೆ, ನೀರು ಬೇಡ ಅಂತೀರಲ್ಲ!"

"ಎಷ್ಟು ಕುಡಿದಿದ್ದಾಳೆ?"

"ಆರು ಲೀಟರ್ ಆಗಿರಬೇಕು." ಹೆಮ್ಮೆಯಿಂದಲೇ ಹೇಳಿದ.

ಪುಷ್ಪಲತಾ ಅರಸೀಕೆರೆಯಲ್ಲಿ ನರ್ಸು, ಶಿವಕುಮಾರನ ಅಣ್ಣನ ಹೆಂಡತಿ. ಓಟ ನಡೆಸುವವರು ಕರೆದರೆಂದು, ಓಡುವವರಿಗೆ ನೀರು ಕೊಡುವ ಈ ಮೇಜಿಗೆ ಬಂದಿದ್ದಳು. ಓರಗಿತ್ತಿಯರ ನಡುವೆ ಎರಡು ವರ್ಷದಿಂದ ಮಾತಿಲ್ಲ. ಹೃದಯದ ತೊಂದರೆಯಿದ್ದ ಅತ್ತೆಯ ಊಟಕ್ಕೆ ಉಪ್ಪು ನಿಲ್ಲಿಸಿದವಳು ಪುಷ್ಪಲತಾ. ಅತ್ತೆ ತೀರಿಕೊಂಡ ಮೇಲೆ ಶಿವಗಣಾರಾಧನೆಯ ದಿನ ಪ್ರತಿಮಾ ನೆಂಟರೆದುರೇ ಅಂದಿದ್ದಳು: "ಸಾಯೋಳ ಬಾಯಿಗೆ ಒಂದು ಹರಳು ಉಪ್ಪು ಹಾಕಲಿಲ್ಲ ಇವರು." ಡಾಕ್ಟರು ಹೇಳಿದ್ದನ್ನೇ ಮಾಡಿದ್ದೆ ಎಂದು ಪುಷ್ಪಲತಾ ಎಷ್ಟು ಸಲ ಸಮಾಧಾನ ಹೇಳಿಕೊಂಡರೂ ಆ ಮಾತು ಗಂಟಲಿಂದ ಇಳಿದಿರಲಿಲ್ಲ.

"ಬಾಯಾರಿದೋರಿಗೆ ನೀರು ಬೇಡ ಅನ್ನೋ ನರ್ಸಮ್ಮನ್ನ ಇವತ್ತೇ ನೋಡಿದ್ದು," ಎಂದು ಸುತ್ತ ಸೇರಿದವರಲ್ಲಿ ಯಾರೋ ಗೊಣಗಿದರು.

ಪುಷ್ಪಲತಾ ಪ್ರತಿಮಾಳ ಕೈ ಹಿಡಿದು ನೋಡಿದಳು. ಬೆಳಿಗ್ಗೆ ಈ ಮೇಜು ದಾಟುವಾಗ, ತಾನು ಮುಖ ತಿರುಗಿಸಿಕೊಂಡಿದ್ದರೂ, ಆ ಬಳೆಗಳ ಗಲಗಲ ಕೇಳಿಸಿತ್ತು. ಈಗ ಅವು ಊದಿದ ಮಣಿಕಟ್ಟಿಗೆ ಕಚ್ಚಿಕೊಂಡು ಅಲುಗಾಡುತ್ತಿರಲಿಲ್ಲ.

"ಇದು ಬಿಸಿಲಲ್ಲ ಕಣಪ್ಪ. ಬೆವರಲ್ಲಿ ಉಪ್ಪು ಹೋಗಿದೆ, ಮೇಲಿಂದ ನೀರು ತುಂಬಿದೀಯ. ಇನ್ನೂ ಕುಡಿಸಿದ್ರೆ ಮೆದುಳು ಊದ್ಕೊಳ್ಳುತ್ತೆ. ಆಂಬುಲೆನ್ಸಿಗೆ ಫೋನ್ ಮಾಡು."

ಅವನು ಮಾಡಿದ. ಇಪ್ಪತ್ತು ನಿಮಿಷವಂತೆ. ಪುಷ್ಪಲತಾಳಿಗೆ ಹೆದರಿಕೆಯಾಯಿತು, ಇವಳಿಗೇನಾದರೂ ಆದರೆ ಈ ಸಾವೂ ತನ್ನ ತಲೆಗೇ.

"ಪ್ರತಿಮಾ, ಇವತ್ತು ಯಾವ ವಾರ ಹೇಳು."

ಪ್ರತಿಮಾ ಕಣ್ಣರಳಿಸಿ ನೋಡಿದಳು. "ಅತ್ತೆದು ಊಟ ಆಯ್ತಾ?"

ಶಿವಕುಮಾರ್ ಅಳತೊಡಗಿದ. ಪುಷ್ಪಲತಾ ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಗಿಡ್ಡಮ್ಮನ ಕಡೆ ತಿರುಗಿದಳು. "ಉಪ್ಪು ಕೊಡಮ್ಮ, ಬೇಗ."

ಗಿಡ್ಡಮ್ಮ ಮುತ್ತುಗದ ಎಲೆಯಲ್ಲಿ ಹರಳುಪ್ಪು ತಂದು ಮೇಜಿನ ಮೇಲಿಟ್ಟಳು. "ಕೈಗ್ ಕೈ ಉಪ್ಪು ಕೊಡಬಾರ್ದು ಕಣವ್ವ, ಜಗಳ ಆಯ್ತದೆ. ಅವಳ ಮುಂದಿಡು, ಅವಳೇ ಎತ್ಕಳ್ಳಿ."

ಪುಷ್ಪಲತಾ ಎಲೆಯನ್ನು ಮುಂದಿಟ್ಟಳು. ಪ್ರತಿಮಾಳ ಊದಿದ ಬೆರಳುಗಳಿಗೆ ಒಂದು ಹರಳೂ ಸಿಗಲಿಲ್ಲ, ತಡಕಾಡಿ ಸುಮ್ಮನಾದವು.

"ಇರೋ ಜಗಳವೇ ಸಾಕಾಗಿದೆ ಗಿಡ್ಡಮ್ಮ, ಹೊಸದಕ್ಕೆ ಜಾಗ ಎಲ್ಲಿ?" ಎನ್ನುತ್ತ ನಾಲ್ಕು ಹರಳು ಹೆಕ್ಕಿ ಪ್ರತಿಮಾಳ ಅಂಗೈಗೆ ಒತ್ತಿದಳು. "ನುಂಗೋಕಾಗುತ್ತಾ? ಸ್ವಲ್ಪಸ್ವಲ್ಪವೇ ಚೀಪು."

ಪ್ರತಿಮಾ ಚೀಪಿದಳು, ಮುಖ ಕಿವುಚಿದಳು. ಮತ್ತೆ ಕೈ ಚಾಚಿದಳು. ಪುಷ್ಪಲತಾ ಮತ್ತೆ ಕೊಟ್ಟಳು.

ಬೇಲೂರಿನ ಕಡೆಯಿಂದ ಸೈರನ್ ಕೇಳಿಸಿತು.

"ಅಕ್ಕಾ," ಎಂದಳು ಪ್ರತಿಮಾ. ಎರಡು ವರ್ಷದ ನಂತರದ ಮೊದಲ ಕರೆ ಅದು. "ಎಲ್ಲಾ ನಂಗೇ ಕೊಡಬೇಡಿ. ಅತ್ತೆಗೂ ಒಂದ್ ಹರಳು ಇಡಿ."

ಪುಷ್ಪಲತಾ ಎಲೆಯಿಂದ ಒಂದು ಹರಳು ಎತ್ತಿ, ಮೇಜಿನ ತುದಿಯಲ್ಲಿ, ಲೋಟಗಳ ಒದ್ದೆ ತಾಗದ ಕಡೆ ಬೇರೆಯಾಗಿ ಇಟ್ಟಳು.